ನಾವು ಬರೆದ ಯೋಜನೆ

"ಯುವಕರೇ ನಾಡಿನ ಬೆನ್ನೆಲುಬು" ಎಂಬ ಮಾತು ಕೇಳಿಬರದ ಸಭೆಯನ್ನು ನಾನಂತೂ ಈವರೆಗೆ ಕಂಡಿಲ್ಲ. ಬೆನ್ನೆಲುಬೆಂದು ಕರೆಯಿಸಿಕೊಂಡವರು ಮಾತ್ರ ಆ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಬೆನ್ನು ಬಾಗಿಸಿ, ಮೊಬೈಲಿನಲ್ಲಿ ಮುಖವಿಟ್ಟು ಕುಳಿತಿರುತ್ತಾರೆ. ಅದು ಅವರ ತಪ್ಪೆಂದು ಹೇಳಲಾರೆ. ನಮಗಾಗಿ ನಡೆಯುವ ಕಾರ್ಯಕ್ರಮಗಳಲ್ಲಿ ನಮಗಿರುವ ಕೆಲಸವೆಂದರೆ ಕೂಡುವುದು, ಏಳುವುದು, ಚಪ್ಪಾಳೆ ತಟ್ಟುವುದು. ಕೊನೆಗೆ ವಂದನಾರ್ಪಣೆಯ ಭಾಗ್ಯ ಒಬ್ಬನಿಗೆ ದೊರಕುತ್ತದೆ. ಅವನೂ ಚೀಟಿ ನೋಡಿ ಓದುತ್ತಾನೆ.

ಇಂಥದರಲ್ಲಿ ಕಳೆದ ವರ್ಷ ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಅಧಿಕಾರಿಗಳು ಒಂದು ವಿಚಿತ್ರ ಮಾಡಿದರು. ಏಳು ದಿನದ ವಿಶೇಷ ಶಿಬಿರದ ಕಾರ್ಯಕ್ರಮವನ್ನು ಈ ಸಲ ವಿದ್ಯಾರ್ಥಿಗಳೇ ಬರೆಯತಕ್ಕದ್ದೆಂದು ಹೇಳಿ, ನಮ್ಮಲ್ಲಿ ನಾಲ್ವರನ್ನು ಆರಿಸಿದರು. ಇಂಡಿಯ ಕಡೆಯವನೊಬ್ಬ, ಸಿಂದಗಿಯ ಕಡೆಯವಳೊಬ್ಬಳು, ಮುದ್ದೇಬಿಹಾಳದವನೊಬ್ಬ, ಬಸವನ ಬಾಗೇವಾಡಿಯವನಾದ ನಾನು. ಈಚೆಗೆ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಬೇರೆ ತಾಲೂಕುಗಳಾಗಿವೆಯಾದರೂ, ಊರ ಹಿರಿಯರ ಬಾಯಲ್ಲಿ ಇನ್ನೂ ಈ ನಾಲ್ಕೇ ಹೆಸರು. ನಾವೂ ಹಳೆಯ ಲೆಕ್ಕವನ್ನೇ ಹಿಡಿದೆವು.

ಮಾದರಿಗೆಂದು ನಮ್ಮ ಕೈಗೆ ಒಂದು ಅಚ್ಚಿನ ಕಾರ್ಯಕ್ರಮ ಬಂದಿತು. ಎಲ್ಲಿ ಸಿದ್ಧವಾದದ್ದೋ ಹೇಳುವ ಅಗತ್ಯವಿಲ್ಲ. ಇಂಡಿಗೂ ಅದೇ, ಇಂದೋರಿಗೂ ಅದೇ ಎಂಬಂತಿತ್ತು. ಏಳು ದಿನಕ್ಕೆ ಹತ್ತೊಂಬತ್ತು ಉಪನ್ಯಾಸಗಳು. ವ್ಯಕ್ತಿತ್ವ ವಿಕಸನ, ಸಮಯಪಾಲನೆ, ನಾಯಕತ್ವದ ಗುಣಗಳು, ಒತ್ತಡ ನಿರ್ವಹಣೆ ಮುಂತಾಗಿ. ಸಮಯಪಾಲನೆಯ ಉಪನ್ಯಾಸಕ್ಕೆ ಎರಡು ತಾಸು ಇಟ್ಟಿದ್ದರು. ಜೊತೆಗೆ ಜೀವನ ಕೌಶಲಗಳ ಒಂದು ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯವರು 1990ರ ದಶಕದಲ್ಲಿ ಎಣಿಸಿಕೊಟ್ಟ ಹತ್ತು ಕೌಶಲಗಳಿವು. ವಿಶ್ವವಿದ್ಯಾಲಯ ಅನುದಾನ ಆಯೋಗವೂ 2019ರಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ಜೀವನ ಕೌಶಲದ ಒಂದು ಪಠ್ಯಕ್ರಮವನ್ನು ಹೊರಡಿಸಿದೆ. ತನ್ನನ್ನು ತಾನು ಅರಿಯುವುದು, ಪರರ ನೋವು ತಿಳಿಯುವುದು, ನಿರ್ಣಯ ಕೈಕೊಳ್ಳುವುದು, ತೊಡಕು ಬಿಡಿಸುವುದು, ಸಿಟ್ಟು ದುಃಖಗಳನ್ನು ತಡೆದುಕೊಳ್ಳುವುದು, ಹೀಗೆ ಪಟ್ಟಿ ಸಾಗುತ್ತದೆ. ಪಟ್ಟಿ ಕೆಟ್ಟದ್ದಲ್ಲ. ನಾನು ಅದನ್ನು ಗಟ್ಟಿಯಾಗಿ ಓದುತ್ತಿದ್ದಂತೆ ಮುದ್ದೇಬಿಹಾಳದ ಗೆಳೆಯ ಬೆರಳು ಮಡಚುತ್ತಿದ್ದ. ಹತ್ತೂ ಬೆರಳು ಮಡಚಿದ ಮೇಲೆ, "ಇವೆಲ್ಲಾ ನಮ್ಮವ್ವಗ ಅದಾವಲೇ. ಆಕಿ ಯಾವ ಶಿಬಿರಕ್ಕ ಹೋಗಿದ್ಲು?" ಎಂದ.

ನಾವು ನಕ್ಕೆವು. ಆದರೆ ಅವನು ಹೇಳಿದ್ದು ನಗೆಯ ಮಾತಲ್ಲ. ಅವನ ತಂದೆತಾಯಿ ದೀಪಾವಳಿ ಕಳೆಯುತ್ತಲೇ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರೆ ತಿರುಗಿ ಬರುವುದು ಯುಗಾದಿಯ ಹೊತ್ತಿಗೆ. ಆ ನಾಲ್ಕೈದು ತಿಂಗಳು ಅಜ್ಜಿ, ಇಬ್ಬರು ತಂಗಿಯರು, ಒಂದು ಎಮ್ಮೆ, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ ಎಲ್ಲವೂ ಅವನ ಪಾಲಿಗೆ. ಅದಕ್ಕೆಂದೇ ಅವನು ಪ್ರತಿ ಶನಿವಾರ ಊರಿಗೆ ಓಡುತ್ತಾನೆ. ಹಾಜರಿ ಕಡಿಮೆಯಾಗುವುದೂ ಅದಕ್ಕೇ. ನಿರ್ಣಯ ಕೈಕೊಳ್ಳುವುದನ್ನು ಅವನಿಗೆ ಎರಡು ತಾಸಿನ ಉಪನ್ಯಾಸದಲ್ಲಿ ಕಲಿಸಲು ಹೊರಟವರನ್ನು ಕಂಡು ಅವನು ನಗದೆ ಇನ್ನೇನು ಮಾಡಿಯಾನು? ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ, ತಾಂಡೆಗಳಲ್ಲಿ ಇಂಥ ಮನೆಗಳು ಒಂದೆರಡಲ್ಲ. ಗೋವೆಗೆ, ಮಂಗಳೂರಿಗೆ, ಪುಣೆಗೆ, ಬೆಂಗಳೂರಿಗೆ ದುಡಿಯಲು ಹೋದವರ ಮನೆಗಳನ್ನು ಹದಿನೆಂಟರ ಹುಡುಗರು, ಹದಿನಾರರ ಹುಡುಗಿಯರು ನಡೆಸುತ್ತಿದ್ದಾರೆ. ಅವರಲ್ಲಿರುವುದನ್ನು ಹೊರಗಿನಿಂದ ತುಂಬುವುದು ಬೇಡ. ಅದನ್ನು ನಾಲ್ಕು ಜನರ ನಡುವೆ ಬಳಸಲು ಎಡೆಮಾಡಿಕೊಟ್ಟರೆ ಸಾಕು ಎಂಬ ವಿಚಾರ ನಮ್ಮಲ್ಲಿ ಮೊದಲು ಮೊಳೆತದ್ದು ಅಂದು.

ಇಷ್ಟಾಗಿಯೂ ಯೋಜನೆ ಬರೆಯುವುದೆಂದರೆ ಗಾಳಿಯಲ್ಲಿ ಬರೆಯಲು ಬರುವುದಿಲ್ಲ. ಹಿಂದೆ ಇಂಥ ಕೆಲಸ ಯಾರು ಮಾಡಿದ್ದಾರೆಂದು ಹುಡುಕಿದೆವು. ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು. ಆಗ ಶಿಕ್ಷಣ ಮಂತ್ರಿಗಳಾಗಿದ್ದ ಡಾ. ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ಅದನ್ನು ತೊಡಗಿಸಿದರು. ಸ್ವಯಂಸೇವಕನಾದವನು ವರ್ಷಕ್ಕೆ 120 ತಾಸಿನಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು. ನಡುವೆ ಏಳು ದಿನದ ಒಂದು ಶಿಬಿರ. ಇಷ್ಟು ನಮಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಇನ್ನೊಂದು. ಇಡೀ ದೇಶಕ್ಕೆ ಸ್ವಯಂಸೇವಕರ ತರಬೇತಿಯನ್ನು ಕಟ್ಟಿಕೊಟ್ಟ ಮನುಷ್ಯ ನಮ್ಮ ಜಿಲ್ಲೆಯವನೇ ಎಂಬುದು.

ವಿಜಯಪುರದಿಂದ ಸೊಲ್ಲಾಪುರದ ದಾರಿ ಹಿಡಿದರೆ ತಿಡಗುಂದಿ ಎಂಬ ಊರು ಬರುತ್ತದೆ. ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು 1889ರಲ್ಲಿ ಹುಟ್ಟಿದ್ದು ಅಲ್ಲಿ. ಕಲಕತ್ತೆಯಲ್ಲಿ ವೈದ್ಯ ಕಲಿತು, ಅಮೇರಿಕೆಯ ಮಿಶಿಗನ್ನಿನಲ್ಲಿ ಸಾರ್ವಜನಿಕ ಆರೋಗ್ಯವನ್ನು ಓದಿ ಬಂದವರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯಿಂದ ತಮ್ಮ ತಂಡವನ್ನು ಕರೆದುಕೊಂಡು ಹೋದರು. ಸೆರೆಮನೆಯ ಕಷ್ಟ ತಾಳಲಾರದೆ ಎಷ್ಟೋ ಜನ ಕ್ಷಮೆ ಬರೆದುಕೊಟ್ಟು ಹೊರಬಿದ್ದರಂತೆ. ಹುಬ್ಬಳ್ಳಿಯ ತಂಡ ಬಗ್ಗಲಿಲ್ಲ. ಕಾರಣ ಅವರ ಎದೆಗಾರಿಕೆಯೊಂದೇ ಅಲ್ಲ, ಮೊದಲೇ ದೊರೆತಿದ್ದ ಶಿಸ್ತು. ಅದೇ ವರ್ಷದ ಕೊನೆಗೆ ಕಾಕಿನಾಡದ ಕಾಂಗ್ರೆಸ್ಸಿನ ಹೊತ್ತಿನಲ್ಲಿ ಹಿಂದುಸ್ತಾನೀ ಸೇವಾದಳ ಹುಟ್ಟಿತು. ಜವಾಹರಲಾಲ ನೆಹರೂ ಅದರ ಮೊದಲ ಅಧ್ಯಕ್ಷರು. ಮರುವರ್ಷ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿಯ ಅಧಿವೇಶನದ ವ್ಯವಸ್ಥೆಗೆ ಈ ದಳದವರೇ ಹೆಗಲು ಕೊಟ್ಟರು. ಅಲ್ಲಿ ಉಮಾಬಾಯಿ ಕುಂದಾಪುರ ಅವರ ಕೈಕೆಳಗೆ ನೂರಕ್ಕೂ ಹೆಚ್ಚು ಮಹಿಳೆಯರು ಸ್ವಯಂಸೇವಕಿಯರಾಗಿ ದುಡಿದರು. ಅವರಲ್ಲಿ ವಿಧವೆಯರೂ ಇದ್ದರು. 1924ರ ಮಾತಿದು. ಸಿಂದಗಿಯ ಗೆಳತಿ ಈ ಸಾಲನ್ನು ತನ್ನ ವಹಿಯಲ್ಲಿ ಎರಡು ಸಲ ಬರೆದುಕೊಂಡದ್ದನ್ನು ನಾನು ನೋಡಿದೆ. ಏಕೆ ಬರೆದುಕೊಂಡಳೆಂಬುದು ಆಮೇಲೆ ತಿಳಿಯಿತು.

ಇನ್ನೊಂದು ಉದಾಹರಣೆಯನ್ನು ಇಂಡಿಯವನು ತಂದ. ಅವನ ಕಡೆಯ ಹಲಸಂಗಿಯಲ್ಲಿ, ಈಗ ನೂರು ವರ್ಷದ ಹಿಂದೆ, ಇಪ್ಪತ್ತರ ಆಸುಪಾಸಿನ ಕೆಲವು ಹುಡುಗರು ಕೂಡಿಕೊಂಡರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. ಯಾರೂ ದೊಡ್ಡ ಪದವಿ ಪಡೆದವರಲ್ಲ. ಒಬ್ಬರಿಗೊಬ್ಬರು ಓದಿ ಹೇಳುತ್ತ, ತಮ್ಮಷ್ಟಕ್ಕೆ ಇಂಗ್ಲಿಷು ಕಲಿಯುತ್ತ, ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು', ಆಮೇಲೆ 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಹೊರಬಂದವು. ಕನ್ನಡದ ಜಾನಪದ ಸಂಗ್ರಹಕ್ಕೆ ಇವು ಬುನಾದಿಯ ಕಲ್ಲುಗಳೆಂದು ನಮ್ಮ ಪಠ್ಯದಲ್ಲಿಯೇ ಓದುತ್ತೇವೆ. ಹಲಸಂಗಿಯ ಗೆಳೆಯರಿಗೆ ನಾಯಕತ್ವದ ತರಬೇತಿ ಯಾರೂ ಕೊಡಲಿಲ್ಲ. ಆದರೆ ಒಂದು ಕೆಲಸವಿತ್ತು, ಒಂದು ಗುಂಪಿತ್ತು, ತಾವು ಮಾಡುವುದು ಊರಿಗೆ ಬೇಕಾದದ್ದೆಂಬ ನಂಬಿಗೆಯಿತ್ತು. ನನ್ನ ಮಟ್ಟಿಗೆ ಹೇಳುವುದಾದರೆ ಹರ್ಡೀಕರರ ಕವಾಯತಿಗಿಂತ ಹಲಸಂಗಿಯ ಕಟ್ಟೆಯೇ ನನಗೆ ಹೆಚ್ಚು ಹಿಡಿಸುತ್ತದೆ. ಸಮಿತಿಯಲ್ಲಿ ಈ ಕುರಿತು ಒಂದು ಮಧ್ಯಾಹ್ನವೆಲ್ಲ ವಾದವಾಯಿತು. ಮುದ್ದೇಬಿಹಾಳದವನು ಕವಾಯತಿನ ಪಕ್ಷ. "ಕಟ್ಟಿ ಮ್ಯಾಲ ಕುಂತವರು ಕುಂತ ಬಿಡ್ತಾರ" ಎಂದು ಅವನ ಅಂಬೋಣ.

ಆಮೇಲೆ ನಾಲ್ಕು ರವಿವಾರ ನಾಲ್ಕು ಕಡೆ ಹೋಗಿಬರುವುದೆಂದಾಯಿತು. ಹೇಳುವಷ್ಟು ಹಗುರಲ್ಲ ಅದು. ಗದಗ-ಹೊಟಗಿ ರೈಲು ಮಾರ್ಗ ನಮ್ಮ ಜಿಲ್ಲೆಯ ನಡುವೆ ಹಾಯ್ದುಹೋದರೂ ಇಂಡಿ ರೋಡ್ ಎಂಬಲ್ಲಿ ಇಳಿದರೆ ಇಂಡಿಯಲ್ಲ, ಬಸವನ ಬಾಗೇವಾಡಿ ರೋಡಿನಲ್ಲಿ ಇಳಿದರೆ ಬಾಗೇವಾಡಿಯಲ್ಲ. 'ರೋಡ್' ಎಂಬ ಶಬ್ದದಲ್ಲಿ ಉಳಿದ ಮೈಲುಗಳೆಲ್ಲ ಅಡಗಿವೆ. ಸಿಂದಗಿ, ಮುದ್ದೇಬಿಹಾಳಗಳಿಗೆ ಆ 'ರೋಡೂ' ಇಲ್ಲ. ಎಲ್ಲದಕ್ಕೂ ಬಸ್ಸೇ ಗತಿ.

ಇಂಡಿಯಲ್ಲಿ ಲಿಂಬೆಯ ಮಾರುಕಟ್ಟೆ ನೋಡಿದೆವು. ಡಾಗಿನ ಲೆಕ್ಕದಲ್ಲಿ ಹಣ್ಣು ಬಂದು ಬೀಳುತ್ತದೆ. ದಪ್ಪ, ನಡು, ಸಣ್ಣದು ಎಂದು ಕಣ್ಣಳತೆಯಲ್ಲಿಯೇ ಬೇರೆ ಮಾಡುತ್ತಾರೆ. ಪಿಯುಸಿಗೆ ಓದು ಬಿಟ್ಟ ಒಬ್ಬ ಹುಡುಗ ಐದಾರು ರೈತರ ಮಾಲಿನ ಪರವಾಗಿ ತಾನೊಬ್ಬನೇ ದರ ಮಾತಾಡುತ್ತಿದ್ದ. ಅವನ ದನಿ ಏರಲಿಲ್ಲ. "ಕಾಕಾ, ನಿನ್ನೆ ಸಂಜೀಕ ನೀವ ಹೇಳಿದ್ದು ಇದಲ್ಲ" ಎಂದಷ್ಟೇ ಹೇಳಿ ಸುಮ್ಮನಾದ. ದಲಾಲಿ ತಾನೇ ಕೈ ಸಡಿಲಿಸಿದ. ಸಂವಹನ ಕೌಶಲದ ಕುರಿತು ನಾನು ಕೇಳಿದ ಉಪನ್ಯಾಸಗಳೊಳಗೆ ಸುಮ್ಮನಾಗುವ ಕಲೆಯನ್ನು ಯಾರೂ ಹೇಳಿರಲಿಲ್ಲ.

ಸಿಂದಗಿಯ ಕಡೆ ಭೀಮೆಯ ದಂಡೆಯ ಹಳ್ಳಿಯೊಂದಕ್ಕೆ ಹೋದೆವು. 2020ರ ಅಕ್ಟೋಬರಿನ ಮಹಾಪೂರದ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. ನೀರು ಬಂದ ರಾತ್ರಿ ದನಗಳ ಹಗ್ಗ ಬಿಚ್ಚಿ, ಮುದುಕರನ್ನು ಹೊತ್ತು ಎತ್ತರದ ಶಾಲೆಗೆ ಮುಟ್ಟಿಸಿದವರು ಊರ ಹುಡುಗರೇ. ಯಾರು ಹೇಳಿ ಮಾಡಿಸಿದರೆಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಯಾರೂ ಹೇಳಿರಲಿಲ್ಲ. ಆದರೆ ಮೂರು ದಿನದ ಮೇಲೆ ಹಂಚಲು ಬಂದ ಹಿಟ್ಟು, ಚಾದರಗಳ ವಿಷಯದಲ್ಲಿ ಅದೇ ಹುಡುಗರು ಎರಡು ಪಂಗಡವಾಗಿ ಬಡಿದಾಡಿದರಂತೆ. ಇದನ್ನೂ ಅವರೇ ಹೇಳಿದರು. ಆಪತ್ತಿನಲ್ಲಿ ಎಲ್ಲರೂ ನಾಯಕರು. ಹಂಚುವಾಗ ಲೆಕ್ಕ ಇಡಬಲ್ಲವನೊಬ್ಬ ಬೇಕು. ನಮ್ಮ ಯೋಜನೆಯಲ್ಲಿ ಲೆಕ್ಕದ ವಹಿಗೆ ಬಂದ ದೊಡ್ಡ ಸ್ಥಾನ ಈ ಊರಿನ ದಾನ.

ನಮ್ಮ ಬಾಗೇವಾಡಿಯಲ್ಲಿ ಹೊಸದಾಗಿ ನೋಡುವುದೇನಿದೆಯೆಂದು ನಾನು ಅಂದುಕೊಂಡಿದ್ದೆ. ಗೆಳೆಯರು ಗುಡಿಯ ಮುಂದೆ ಕುಳಿತು ಕೇಳಿದರು: ಬಸವಣ್ಣನವರು ಇಲ್ಲಿಂದ ಹೊರಟಾಗ ವಯಸ್ಸೆಷ್ಟು? ಇನ್ನೂ ಹುಡುಗನಿದ್ದಾಗಲೇ ಅಗ್ರಹಾರವನ್ನು ಬಿಟ್ಟು ಕೂಡಲಸಂಗಮದ ದಾರಿ ಹಿಡಿದರೆಂದು ಪರಂಪರೆ ಹೇಳುತ್ತದೆ. ಮುಂದೆ ಕಲ್ಯಾಣದ ಅನುಭವ ಮಂಟಪದಲ್ಲಿ ತಾವು ಕಟ್ಟಿದ ಸಭೆಯ ಪೀಠದ ಮೇಲೆ ತಾವು ಕೂಡದೆ ಅಲ್ಲಮಪ್ರಭುವನ್ನು ಕೂಡಿಸಿದರಂತೆ. ಶ್ರಾವಣದ ಜಾತ್ರೆಯಲ್ಲಿ ವರ್ಷವರ್ಷವೂ ಈ ಕಥೆ ಕೇಳಿ ಬೆಳೆದವನು ನಾನು. "ಅಂದ ಮ್ಯಾಲ ನಮ್ಮ ಶಿಬಿರಕ್ಕೂ ದಿನಾ ಒಬ್ಬೊಬ್ಬ ನಾಯಕ ಇರಲಿ, ಯೋಜನೆ ಬರದ ನಾವು ನಾಲ್ಕೂ ಮಂದಿ ಯಾರೂ ನಾಯಕರಾಗೂದು ಬ್ಯಾಡ" ಎಂದು ಸಿಂದಗಿಯವಳು ಅಂದಾಗ ನನಗೆ ತುಸು ಕಸಿವಿಸಿಯಾದದ್ದು ನಿಜ. ಹೆಸರು ಹಾಕಿಸಿಕೊಳ್ಳುವ ಆಸೆ ಯಾರಿಗಿಲ್ಲ?

ಮುದ್ದೇಬಿಹಾಳದ ಭೆಟ್ಟಿಯನ್ನು ಬರೆಯುವುದಿಲ್ಲ. ಗೆಳೆಯನ ಅಜ್ಜಿ ಉಣಿಸಿದ ಎಣ್ಣೆಗಾಯಿ ಪಲ್ಲೆಯ ಹೊರತು ಅಂದು ಬೇರೆ ಕೆಲಸ ಆಗಲಿಲ್ಲ.

ತಿಥಿ ಗೊತ್ತುಮಾಡುವುದೇ ಒಂದು ವಿದ್ಯೆ. ನಮ್ಮ ಕಡೆಯ ಹುಡುಗರ ಪಂಚಾಂಗ ಕಾಲೇಜಿನದಲ್ಲ, ಹೊಲದ್ದು. ಡಿಸೆಂಬರಿನಲ್ಲಿ ಇಟ್ಟರೆ ತೊಗರಿಯ ಸುಗ್ಗಿ. ನಡುವೆ ಎಳ್ಳಮಾವಾಸ್ಯೆ, ಅಂದು ಚರಗ ಚೆಲ್ಲುವುದನ್ನು ಬಿಟ್ಟು ಯಾವನೂ ಬರಲಾರ. ಫೆಬ್ರುವರಿ ಕಳೆದರೆ ಬಿಳಿಜೋಳ ಕೀಳುವ ಗಡಿಬಿಡಿ. ತೊಗರಿ ಮುಗಿದು ಜೋಳ ಹಣ್ಣಾಗುವ ನಡುವಿನ ಹದಿನೈದು ದಿನವೇ ನಮಗೆ ಉಳಿದದ್ದು. ಅಚ್ಚಿನ ಕಾರ್ಯಕ್ರಮದಲ್ಲಿ ತಿಥಿಯ ಜಾಗ ಖಾಲಿ ಬಿಟ್ಟಿದ್ದರು, ಅದೊಂದು ಉಪಕಾರ.

ಎಲ್ಲ ಬರೆದು ಮುಗಿಯಿತೆನ್ನುವ ದಿನ ಸಿಂದಗಿಯ ಗೆಳತಿ ಲೇಖನಿ ಕೆಳಗಿಟ್ಟು ಹೇಳಿದಳು: "ಶಿಬಿರ ಬರೀಲಿಕ್ಕೆ ನಾ ಬೇಕು. ಶಿಬಿರಕ್ಕ ಬರಾಕ ನನಗ ಆಗೂದಿಲ್ಲ. ಇದನ್ನೂ ಯೋಜನೆದಾಗ ಬರೀರಿ." ಮನೆಯಲ್ಲಿ ಏಳು ರಾತ್ರಿ ಹೊರಗೆ ಕಳಿಸುವುದಿಲ್ಲವೆಂದು ತಂದೆ ಖಂಡಿತ ಹೇಳಿಬಿಟ್ಟಿದ್ದರು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಚೀಟಿಯ ಖರ್ಚಿಲ್ಲ, ಅದರಿಂದ ಕಾಲೇಜಿಗೆ ಬರುವವರು ಧೈರ್ಯಮಾಡಿ ಬರುತ್ತಿದ್ದಾರೆ. ಆದರೆ ಇಲ್ಲಿ ಅಡ್ಡ ಬಂದದ್ದು ಖರ್ಚಲ್ಲ, ಕತ್ತಲೆ. ವಿಚಾರಿಸಿದರೆ ನಮ್ಮ ಪಟ್ಟಿಯಲ್ಲಿದ್ದ ಇಪ್ಪತ್ತೆರಡು ಹುಡುಗಿಯರಲ್ಲಿ ಒಪ್ಪಿಗೆ ದೊರೆತದ್ದು ಆರು ಜನರಿಗೆ.

ನಾವು ಮೂವರು ಹುಡುಗರು ಥಟ್ಟನೆ ಉತ್ತರ ಹುಡುಕಿದೆವು. ಹುಡುಗಿಯರು ಮುಂಜಾನೆ ಬಂದು ಸಂಜೆಯ ಬಸ್ಸಿಗೆ ಹೋಗಲಿ ಎಂದೆವು. ಅವಳು ಒಪ್ಪಲಿಲ್ಲ. ಶಿಬಿರದ ಸತ್ವವೆಲ್ಲ ಇರುವುದು ರಾತ್ರಿಯ ಸಭೆಯಲ್ಲಿ; ದಿನದ ಲೆಕ್ಕ, ಜಗಳ, ನಾಳಿನ ನಾಯಕನ ಆಯ್ಕೆ ಎಲ್ಲ ಅಲ್ಲಿಯೇ ಆಗುವುದೆಂದು ನಾವೇ ಬರೆದಿದ್ದೆವು. ಸಂಜೆ ಐದಕ್ಕೆ ಮನೆಗೆ ಹೋದವಳು ನಾಯಕಿಯಾಗುವುದು ಯಾವಾಗ? "ಕಸಾ ಹೊಡ್ಯಾಕ ನಾವು, ಮಾತಾಡಾಕ ನೀವು ಆಕ್ಕೀರಿ" ಎಂದಳು. ಆಮೇಲೆ ಅವಳೇ ವಹಿ ತೆರೆದು ಬೆಳಗಾವಿಯ ಸಾಲು ತೋರಿಸಿದಳು. ಉಮಾಬಾಯಿಯವರು ಒಬ್ಬೊಬ್ಬ ಹುಡುಗಿಯನ್ನಲ್ಲ, ಹೆಂಗಸರ ದಂಡನ್ನೇ ಕಟ್ಟಿಕೊಂಡು ಹೋದರು. ಹಾಗೆಯೇ ನಾವೂ ತಾಯಂದಿರನ್ನು ಕರೆಯೋಣ ಎಂಬುದು ಅವಳ ಸೂಚನೆ. ದಿನಕ್ಕೆ ಮೂವರು ತಾಯಂದಿರು ಸರದಿಯಂತೆ ಬಂದು ಹುಡುಗಿಯರೊಡನೆ ಉಳಿಯಬೇಕು. ಅಡಿಗೆ ಮಾಡುವುದಕ್ಕಲ್ಲ, ಅದು ಸ್ವಯಂಸೇವಕರ ಕೆಲಸ. ಅವರು ನೋಡಲಿ, ರಾತ್ರಿಯ ಸಭೆಯಲ್ಲಿ ಕೂಡಲಿ, ಬೇಕಾದರೆ ಮಾತಾಡಲಿ. ಅಧಿಕಾರಿಗಳು ಒಂದು ದಿನ ವಿಚಾರಮಾಡಿ ಒಪ್ಪಿದರು. ನಮ್ಮ ಅಧ್ಯಾಪಕಿಯೊಬ್ಬರು ಮನೆಮನೆಗೆ ಫೋನು ಮಾಡುವ ಹೊರೆ ಹೊತ್ತರು. ಇಪ್ಪತ್ತೆರಡರಲ್ಲಿ ಹದಿನೇಳು ಜನರಿಗೆ ಒಪ್ಪಿಗೆ ಬಂತು. ಸಿಂದಗಿಯ ತಂದೆ ಮಾತ್ರ "ನೋಡೂಣು" ಎಂದರು.

ಶಿಬಿರ ನಡೆದದ್ದು ಡೋಣಿಯ ದಂಡೆಯ ಒಂದು ಹಳ್ಳಿಯಲ್ಲಿ. ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂದು ನಮ್ಮ ಹಿರಿಯರು ಹೊಗಳುವ ಎರೆ ಭೂಮಿಯದು. ಕುಡಿಯುವ ನೀರಿನ ಉಪ್ಪನ್ನು ಮಾತ್ರ ಯಾರೂ ಹೊಗಳುವುದಿಲ್ಲ. ಉಪನ್ಯಾಸಗಳನ್ನು ಹತ್ತೊಂಬತ್ತರಿಂದ ನಾಲ್ಕಕ್ಕೆ ಇಳಿಸಿದ್ದೆವು, ಯಾವುದೂ ನಲವತ್ತು ನಿಮಿಷ ಮೀರಬಾರದೆಂದು. ಎರಡು ಮೀರಿದವು. ಮುಂಜಾನೆ ಶಾಲೆಯ ಸುತ್ತಲಿನ ಚರಂಡಿಯ ಕೆಲಸ. ಮಧ್ಯಾಹ್ನ ಇಬ್ಬಿಬ್ಬರಂತೆ ಮನೆಮನೆಗೆ ಹೋಗಿ, ದುಡಿಯಲು ಹೊರಗೆ ಹೋದವರೆಷ್ಟು, ಮನೆಯಲ್ಲಿ ಉಳಿದ ಮಕ್ಕಳ ಓದಿನ ಗತಿಯೇನು ಎಂದು ಬರೆದುಕೊಳ್ಳುವುದು. ರಾತ್ರಿ ಸಭೆ.

ಮೂರನೆಯ ದಿನದ ನಾಯಕ ಬಿ.ಎ. ಮೊದಲ ವರ್ಷದ, ಬಾಯಿ ತೆರೆಯದ ಹುಡುಗ. ಅಂದೇ ಸಂಜೆ ಜೋಳದ ಹಿಟ್ಟು ತೀರಿತು. ಗಿರಣಿಯ ಕರೆಂಟು ಹೋಗಿತ್ತು. ಐವತ್ತು ಹೊಟ್ಟೆಗಳು. ಹಿರಿಯ ವಿದ್ಯಾರ್ಥಿಗಳು ತಲೆಗೊಂದು ಸಲಹೆ ಕೊಡುತ್ತ ನಿಂತರು. ಅವನು ಯಾರಿಗೂ ಉತ್ತರ ಕೊಡದೆ ಒಂದು ಬುಟ್ಟಿ, ಲೆಕ್ಕದ ವಹಿ ಹಿಡಿದು ಓಣಿಗೆ ನಡೆದ. ಹನ್ನೆರಡು ಮನೆಗಳಿಂದ ಸೇರುಗಟ್ಟಲೆ ಹಿಟ್ಟು ಕಡ ತಂದ. ಯಾರ ಮನೆಯದು ಎಷ್ಟೆಂದು ವಹಿಯಲ್ಲಿ ಬರೆದ. ಮರುದಿನ ಗಿರಣಿ ನಡೆಯುತ್ತಲೇ ಹನ್ನೆರಡು ಮನೆಗೂ ತಾನೇ ಹೋಗಿ, ಅಳೆದು ತಿರುಗಿ ಕೊಟ್ಟ. ಒಬ್ಬ ಅಜ್ಜಿ ತಕ್ಕೊಳ್ಳಲೊಲ್ಲೆನೆಂದಳಂತೆ. "ವಹಿದಾಗ ಬರದೇನಿ ಅಜ್ಜಿ, ಹೊಡದು ಹಾಕಬೇಕು" ಎಂದು ಅವಳನ್ನು ಒಪ್ಪಿಸಿದ. ಅವನ ಆ ಪುಟವನ್ನು ನಾವು ಅಂದು ರಾತ್ರಿ ಸಭೆಯಲ್ಲಿ ಗಟ್ಟಿಯಾಗಿ ಓದಿಸಿದೆವು. ಅವನ ದನಿಯನ್ನು ನಾವೆಲ್ಲ ಮೊದಲು ಕೇಳಿದ್ದು ಆಗಲೇ.

ಸಿಂದಗಿಯ ಗೆಳತಿ ಬಂದದ್ದು ಎರಡನೆಯ ದಿನದ ಮಧ್ಯಾಹ್ನ, ತಾಯಿಯ ಜೊತೆಗೆ. ಸರದಿಗೆಂದು ಒಂದು ರಾತ್ರಿ ಇರಲು ಬಂದ ಆ ತಾಯಿ ನಾಲ್ಕು ರಾತ್ರಿ ಉಳಿದರು. ನಾಲ್ಕನೆಯ ರಾತ್ರಿ, ಹೊರಗೆ ದುಡಿಯಹೋದವರ ಮನೆಗಳ ವಿಷಯ ಮಾತು ನಡೆದಾಗ, ತಾವು ಮದುವೆಯಾದ ಹೊಸದರಲ್ಲಿ ಗೋವೆಯಲ್ಲಿ ರಸ್ತೆಯ ಕೆಲಸ ಮಾಡಿದ್ದನ್ನು ಎದ್ದುನಿಂತು ಹೇಳಿದರು. ಮಗಳಿಗೆ ಅದು ಗೊತ್ತೇ ಇರಲಿಲ್ಲವಂತೆ. ಆರನೆಯ ದಿನ ಊರಿನಿಂದ ಕರೆ ಬಂದು ಇಬ್ಬರೂ ಹೋಗಬೇಕಾಯಿತು. ಅಂದು ಸಂಜೆ ಅವಳು ನಾಯಕಿಯಾಗಿ ಆಯ್ಕೆಯಾಗುವವಳಿದ್ದಳು. ಆಗಲಿಲ್ಲ. ಕೊನೆಯ ದಿನದ ನಾಯಕತ್ವವನ್ನು ಬೇರೊಬ್ಬಳಿಗೆ ಕೊಟ್ಟೆವು. ಪುಟದ ಮೇಲೆ ಎರಡು ಹೆಸರು ಬರೆದೆವು.

ಹಳ್ಳಿಯ ಸಮೀಕ್ಷೆಯ ಪ್ರತಿಯನ್ನು ಗ್ರಾಮ ಪಂಚಾಯತಿಗೂ ಶಾಲೆಗೂ ಕೊಟ್ಟಿದ್ದೇವೆ. ತಂದೆತಾಯಿ ಇಲ್ಲದ ತಿಂಗಳುಗಳಲ್ಲಿ ಮಕ್ಕಳಿಗೆ ಸಂಜೆ ಕುಳಿತು ಓದಲು ಶಾಲೆಯ ಒಂದು ಕೋಣೆ ತೆರೆದಿಡಬೇಕೆಂದು ಕೇಳಿದ್ದೇವೆ. ದೀಪದ ಬಿಲ್ಲು ಯಾರು ಕೊಡಬೇಕೆಂಬ ಮಾತು ಇನ್ನೂ ನಡೆದಿದೆ. ಊರಿನ ಇಬ್ಬರು ಹುಡುಗಿಯರು ಅಲ್ಲಿಯವರೆಗೆ ತಮ್ಮ ಪಡಸಾಲೆಯಲ್ಲಿಯೇ ಕೂಡಿಸಿಕೊಳ್ಳುತ್ತಿದ್ದಾರೆ.

ನಾವು ನಾಲ್ವರೂ ಈ ವರ್ಷ ಕಾಲೇಜು ಬಿಡುವವರು. ಲೆಕ್ಕದ ವಹಿ ರಾಷ್ಟ್ರೀಯ ಸೇವಾ ಯೋಜನೆಯ ಕೋಣೆಯ ಕಪಾಟಿನಲ್ಲಿದೆ. ಹಿಟ್ಟಿನ ಪುಟಕ್ಕೆ ಎಣ್ಣೆ ಹತ್ತಿದೆ, ಆದರೂ ಓದಲು ಬರುತ್ತದೆ. ಹಿಂದಿನ ಅರ್ಧ ಖಾಲಿಯಿದೆ. ಮುಂದಿನ ಶಿಬಿರ ಬರೆಯಲು ಇಷ್ಟವುಳ್ಳ ಮೊದಲನೆಯ, ಎರಡನೆಯ ವರ್ಷದವರು ಪರೀಕ್ಷೆ ಮುಗಿದ ವಾರ ಅಲ್ಲಿ ಹೆಸರು ಕೊಡಬಹುದು. ತೊಗರಿಯ ಸುಗ್ಗಿ ನೋಡಿ ತಿಥಿ ಇಡಿರಿ.